ಹೈ ಹೋಬರ್ನ್‌ನ ದೀಪಕ್ಕೆ ಉದ್ಯಮಬಾಗದ ತಿರುಪು

ಬೆಳಗಾವಿಯ ಗುಜರಿ ಅಂಗಡಿಯೊಂದರಲ್ಲಿ ನನಗೆ ಸಿಕ್ಕ ಹಳೆಯ ಸೂಕ್ಷ್ಮದರ್ಶಕ ದೀಪದ ಮೇಲೆ ‘ವಾಟ್ಸನ್, ಲಂಡನ್’ ಎಂದು ಕೊರೆಯಲಾಗಿತ್ತು. ಈಗಿನ ಬಹುತೇಕ ಸೂಕ್ಷ್ಮದರ್ಶಕಗಳ ಬುಡದಲ್ಲೇ ಬಲ್ಬು ಇರುವುದರಿಂದ, ದೀಪವೇ ಬೇರೆಯಾಗಿ ನಿಂತು ಕನ್ನಡಿಯತ್ತ ಬೆಳಕು ಬಿಡುತ್ತಿದ್ದ ಕಾಲವನ್ನು ಇಂದಿನ ಹೆಚ್ಚಿನ ವಿದ್ಯಾರ್ಥಿಗಳು ಕಂಡಿಲ್ಲ. 1837ರಲ್ಲಿ ಆರಂಭವಾದ ವಾಟ್ಸನ್ ಮತ್ತು ಅದರ ಪ್ರತಿಸ್ಪರ್ಧಿ ಬೇಕರ್ ಕಂಪನಿಗಳೆರಡೂ ಲಂಡನ್ನಿನ ಹೈ ಹೋಬರ್ನ್ ಎಂಬ ಒಂದೇ ಬೀದಿಯಲ್ಲಿದ್ದವು. ಗಿರಾಕಿ ನಾಲ್ಕು ಹೆಜ್ಜೆ ನಡೆದರೆ ಇನ್ನೊಬ್ಬರ ಮಾಲು ನೋಡಬಹುದಿತ್ತು.

ದೀಪದಲ್ಲಿ ಬಲ್ಬನ್ನು ನಡುವಿಗೆ ತರುವ ತಿರುಪುಗಳ ಪೈಕಿ ಒಂದು ಇರಲಿಲ್ಲ. ಹಾರ್ಡ್‌ವೇರ್ ಅಂಗಡಿಯ ನಾಲ್ಕು ಮಿಲಿಮೀಟರಿನ ತಿರುಪು ದಪ್ಪವಾಯಿತು, ಮೂರರದ್ದು ಸಡಿಲವಾಯಿತು. ಬೆಳಗಾವಿಯ ಕೈಗಾರಿಕಾ ಪ್ರದೇಶವಾದ ಉದ್ಯಮಬಾಗದ ಸಣ್ಣ ಲೇತ್ ಶೆಡ್ಡಿನ ಹಿರಿಯ ಟರ್ನರ್ ಉಳಿದ ತಿರುಪೊಂದನ್ನು ಅಳೆದು, “ಇದು ಬಿ.ಎ. ಆಟೆ ಐತ್ರಿ ಸರ, ಈಗಿನದಲ್ಲ” ಎಂದರು. ಆಟೆ ಎಂದರೆ ತಿರುಪಿನ ಸುರುಳಿ ಗೆರೆ; ಬಿ.ಎ. ಎಂದರೆ ಬ್ರಿಟಿಷ್ ಅಸೋಸಿಯೇಷನ್ ಎಂಬ ಹಳೆಯ ಬ್ರಿಟಿಷ್ ಅಳತೆ. ವ್ಯಾಸ 3.6 ಮಿಲಿಮೀಟರು, ಅಂದರೆ ನಾಲ್ಕನೇ ನಂಬರಿನ ಬಿ.ಎ.; ಆಟೆಯ ಕೋನ ಮೆಟ್ರಿಕ್‌ನಂತೆ 60 ಡಿಗ್ರಿಯಲ್ಲ, ನಲವತ್ತೇಳೂವರೆ. ಹಿಂದೆ ಮೀಟರು ರಿಪೇರಿಗೆ ಬಳಸುತ್ತಿದ್ದ, ಆಟೆ ಕೊರೆಯುವ ಡೈಯೊಂದನ್ನು ತಗಡಿನ ಡಬ್ಬಿಯಿಂದ ಹುಡುಕಿ ತೆಗೆದು, ಹಿತ್ತಾಳೆ ಸರಳನ್ನು ಸವರಿ, ಆಟೆ ಹಾಕಿ, ತಲೆಗೆ ಬೆರಳು ಹಿಡಿಯುವಂತೆ ಗೀರು ಕೊಟ್ಟರು. ಎರಕ, ಲೇತ್, ಪಾಲಿಶ್ ಎಲ್ಲವನ್ನೂ ಹತ್ತಿರದಲ್ಲೇ ಇಟ್ಟುಕೊಂಡ ಈ ಊರಿನಲ್ಲಿ ಇಂಥ ದೀಪಗಳನ್ನು ಮಾಡುವವರು ಹುಟ್ಟಲಿಲ್ಲವಲ್ಲ ಎಂಬ ಕೊರಗು ನನಗೆ ಅಲ್ಲಿ ನಿಂತಾಗಲೇ ಹತ್ತಿತು.

ತಿರುಪೊಂದಕ್ಕಾಗಿ ಇಷ್ಟು ಓಡಾಟವೇಕೆಂದರೆ, 1893ರಲ್ಲಿ ಜರ್ಮನಿಯ ಆಗಸ್ಟ್ ಕೋಲರ್ ಪ್ರಕಟಿಸಿದ ಬೆಳಕಿನ ವಿಧಾನಕ್ಕೆ ಅದು ಬೇಕೇ ಬೇಕು. ಸೂಕ್ಷ್ಮದರ್ಶಕದ ಮೂಲಕ ಫೋಟೊ ತೆಗೆಯುವಾಗ ಬೆಳಕು ಒಂದು ಕಡೆ ಹೆಚ್ಚು, ಇನ್ನೊಂದು ಕಡೆ ಕಡಿಮೆ ಬೀಳುತ್ತಿದ್ದ ತೊಂದರೆಗೆ ಅವರು ಕಂಡುಕೊಂಡ ಪರಿಹಾರವದು. ದೀಪದ ಮಸೂರವು ಬಲ್ಬಿನ ತಂತಿಯ ಬಿಂಬವನ್ನು ನೋಡುವ ವಸ್ತುವಿನ ಮೇಲೆ ಬೀಳಿಸದೆ ಅದರ ಕೆಳಗೆ ಬೆಳಕನ್ನು ಕೂಡಿಸುವ ಮಸೂರವಾದ ಕಂಡೆನ್ಸರಿನ ಡಯಾಫ್ರಮ್ಮಿನ (ಬೆಳಕಿನ ಕಿಂಡಿಯನ್ನು ಹಿರಿದು ಕಿರಿದು ಮಾಡುವ ಭಾಗ) ಮೇಲೆ ಬೀಳಿಸುತ್ತದೆ. ಬಲ್ಬು ಕೂದಲೆಳೆಯಷ್ಟು ಸರಿದರೂ ಲೆಕ್ಕ ತಪ್ಪುತ್ತದೆ.

ಅಂದು ಸಂಜೆ ಕೋಟೆ ಕೆರೆಯ ನೀರಿನ ಹನಿಯೊಂದನ್ನು ಗಾಜಿನ ಮೇಲಿಟ್ಟು ದೀಪ ಹಚ್ಚಿದೆ. ದೀಪದ ಬಾಯಲ್ಲಿರುವ, ಲೋಹದ ಎಲೆಗಳ ಕಿಂಡಿಯಾದ ಐರಿಸನ್ನು ಕಿರಿದುಗೊಳಿಸಿ ಕಂಡೆನ್ಸರನ್ನು ಏರಿಸಿದಾಗ, ಐರಿಸಿನ ಎಲೆಗಳ ಅಂಚು ಪಾಚಿಯ ಎಳೆಯೊಂದಿಗೇ ಒಮ್ಮೆಗೆ ಸ್ಪಷ್ಟವಾಯಿತು. ಹೊಸ ತಿರುಪನ್ನು ತುಸು ತಿರುಗಿಸಿದೊಡನೆ ಮಸುಕಾಗಿದ್ದ ಎಡಬದಿಯೂ ಬೆಳಗಿತು. ಟಂಗ್‌ಸ್ಟನ್ನಿನ ಹಳದಿಯನ್ನು ಕಳೆಯಲು ನೀಲಿ ಗಾಜೊಂದನ್ನು ಇಟ್ಟುಕೊಳ್ಳಬೇಕಷ್ಟೆ.

ಬೆಳಕನ್ನು ಬುಡದೊಳಗೇ ಕೂಡಿಸುವ ಪದ್ಧತಿ ಎರಡನೇ ಮಹಾಯುದ್ಧದ ನಂತರ ಬಲವಾದಂತೆ ಬಿಡಿ ದೀಪಗಳಿಗೆ ಬೇಡಿಕೆ ಕುಗ್ಗಿತು. ಎಲ್ಇಡಿ ಹಾಕಿಬಿಡಿ ಎಂದು ಸ್ನೇಹಿತರು ಹೇಳುತ್ತಾರೆ. ಹಳೆಯ ಆರು ವೋಲ್ಟಿನ ಬಲ್ಬು ಸಿಗುತ್ತಿರುವವರೆಗೆ ನನಗೆ ಆ ಮನಸ್ಸಿಲ್ಲ. ಸಿಗದೆ ಹೋದ ದಿನ ಹೋಲ್ಡರನ್ನು ತಾವೇ ಕಡೆದುಕೊಡುವುದಾಗಿ ಟರ್ನರ್ ಆಗಲೇ ಒಪ್ಪಿದ್ದಾರೆ.