ಟ್ರಾಮ್ ನಿಲ್ದಾಣದಲ್ಲಿ ಕೇಳಿದ ‘ಪ್ಶಿಸ್ಕೊ’

ಇಂದು ಬೆಳಿಗ್ಗೆ ಪೋಲೆಂಡ್ ದೇಶದ ಕ್ರಾಕುವ್‌ನ ಟ್ರಾಮ್ ನಿಲ್ದಾಣದಲ್ಲಿ, ಮಳೆಗೆ ತೊಯ್ದು ತೊಪ್ಪೆಯಾಗಿದ್ದ ತಮ್ಮ ದೊಡ್ಡ ನಾಯಿಯ ತಲೆಯನ್ನು ಶಾಲಿನ ತುದಿಯಿಂದ ಒರೆಸುತ್ತ, ಅಜ್ಜಿಯೊಬ್ಬರು ಅದನ್ನು ‘ಪ್ಶಿಸ್ಕೊ’ ಎಂದು ಕರೆದರು.

ಪೋಲಿಷ್ ಭಾಷೆಯಲ್ಲಿ ನಾಯಿಗೆ ‘ಪ್ಯೆಸ್’ ಎನ್ನುತ್ತಾರೆ. ‘ಪ್ಯೆಸೆಕ್’ ಎಂದರೆ ಮುದ್ದಿನ ಪುಟ್ಟ ನಾಯಿ; ‘ಪ್ಶಿನಾ’ ಎಂದರೆ ಕನಿಕರ ಹುಟ್ಟಿಸುವ ಬಡಪಾಯಿ ನಾಯಿ. ‘ಇಸ್ಕೊ’ ಪ್ರತ್ಯಯ ಸೇರಿದಾಗ ಮಾತ್ರ ನಾಯಿಯ ಗಾತ್ರ ಹಿಗ್ಗುತ್ತದೆ, ಪುಲ್ಲಿಂಗದ ಪದ ನಪುಂಸಕಲಿಂಗಕ್ಕೆ ತಿರುಗುತ್ತದೆ, ಅದರೊಂದಿಗೆ ಒಂದಿಷ್ಟು ಒರಟುತನವೂ ಬಂದು ಸೇರುತ್ತದೆ. ಆದರೂ ಅಜ್ಜಿಯ ಬಾಯಲ್ಲಿ ಅದು ಬೈಗುಳವಾಗಿರಲಿಲ್ಲ, ಅಪ್ಪಟ ಅಕ್ಕರೆಯಾಗಿತ್ತು.

ಎಲ್ಲ ಪದಗಳಿಗೂ ಈ ಭಾಗ್ಯವಿಲ್ಲ. ಹೆಂಗಸನ್ನು ಒರಟಾಗಿ ಸೂಚಿಸುವ ‘ಬಾಬಾ’ ಎಂಬ ಪದಕ್ಕೆ ‘ಸ್ಕೊ’ ಹತ್ತಿ ‘ಬಾಪ್ಸ್ಕೊ’ ಆದರೆ ತಿರಸ್ಕಾರ ಹೆಚ್ಚುತ್ತದೆ. ‘ಬಾಪ್‌ಷ್ಟಿಲ್’ ಆದರೆ ಪದ ಪುಲ್ಲಿಂಗವೇ ಆಗಿಬಿಡುತ್ತದೆ. ಹೆಣ್ಣನ್ನು ಹೀಗಳೆಯಲು ವ್ಯಾಕರಣವು ಅವಳ ಲಿಂಗವನ್ನೇ ಕಿತ್ತುಕೊಳ್ಳುವುದನ್ನು ಮೊದಲ ಸಲ ಓದಿದಾಗ ನನಗೆ ನಿಜಕ್ಕೂ ನೋವಾಗಿತ್ತು. ಬಹುವಚನದಲ್ಲೂ ಇಂಥದೇ ಒಂದು ಏರ್ಪಾಡಿದೆ: ‘ಪ್ರೊಫೆಸೊರೊವ್ಯೆ’ ಎಂದರೆ ಗೌರವಾನ್ವಿತ ಪ್ರಾಧ್ಯಾಪಕರು, ‘ಪ್ರೊಫೆಸೊರಿ’ ಎಂದರೆ ಅದೇ ಜನ, ಗೌರವವಿಲ್ಲದೆ.

ನಮ್ಮಲ್ಲೂ ದೊಡ್ಡವರನ್ನು ‘ಅದು ಬಂತು’ ಎಂದರೆ ಅವಮಾನ, ಮಗುವನ್ನು ಹಾಗೆಂದರೆ ಮುದ್ದು.

ಟ್ರಾಮ್ ಬಂದಾಗ ಅಜ್ಜಿ ಇನ್ನೊಮ್ಮೆ ‘ಪ್ಶಿಸ್ಕೊ’ ಎಂದರು. ನಾಯಿ ಬಾಲ ಅಲ್ಲಾಡಿಸುತ್ತ ಅವರಿಗಿಂತ ಮೊದಲೇ ಹತ್ತಿಕೊಂಡಿತು.