ಬುಗುರಿ ಅಂದಮೇಲೆ ತಿರುಗಬೇಕು

29 ಡಿಸೆಂಬರ್ 2024, ಭಾನುವಾರ

ಇವತ್ತು ಯಹೂದಿಗಳ ಹನುಕ್ಕಾ ಹಬ್ಬದ ಐದನೇ ದೀಪ. ಈ ಸಲ ಮೊದಲ ದೀಪ ಹಚ್ಚಿದ್ದು ಕ್ರಿಸ್‌ಮಸ್ ದಿನದ ಸಂಜೆ. ಹೀಗೆ ಎರಡೂ ಕೂಡಿ ಬಂದದ್ದು 2005ರ ನಂತರ ಇದೇ ಮೊದಲು. ಹಾಗಾಗಿ ಇಲ್ಲಿ ನ್ಯೂಜೆರ್ಸಿಯ ಅಂಗಡಿಗಳಲ್ಲಿ ಕೆಂಪು ಹಸಿರಿನ ಪಕ್ಕದಲ್ಲೇ ನೀಲಿ ಬೆಳ್ಳಿ ಬಣ್ಣದ ಸಾಮಾನು ತುಂಬಿಕೊಂಡಿದೆ. ಅದರಲ್ಲಿ ಎಲ್ಲಿ ನೋಡಿದರೂ ಡ್ರೇಡಲ್. ಗಿಫ್ಟ್ ಸುತ್ತುವ ಕಾಗದದ ಮೇಲೆ, ಪೇಪರ್ ತಟ್ಟೆಯ ಮೇಲೆ, ಮಕ್ಕಳ ಪೈಜಾಮದ ಮೇಲೆ.

ಡ್ರೇಡಲ್ ಅಂದರೆ ನಾಲ್ಕು ಮುಖದ ಪುಟ್ಟ ಬುಗುರಿ. ಇದಕ್ಕೆ ದಾರ ಬೇಕಿಲ್ಲ. ಮೇಲಿನ ಕಡ್ಡಿಯನ್ನು ಎರಡು ಬೆರಳಲ್ಲಿ ಹಿಡಿದು ತಿರುವಿ ಬಿಟ್ಟರಾಯಿತು. ಒಂದೊಂದು ಮುಖದ ಮೇಲೆ ಒಂದೊಂದು ಹೀಬ್ರೂ ಅಕ್ಷರ: ನೂನ್, ಗಿಮೆಲ್, ಹೇ, ಶಿನ್. 'ಅಲ್ಲಿ ಒಂದು ದೊಡ್ಡ ಪವಾಡ ನಡೆಯಿತು' ಎಂಬ ಮಾತಿನ ಮೊದಲ ಅಕ್ಷರಗಳು ಇವು. ಅಲ್ಲಿ ಎಂದರೆ ಜೆರುಸಲೇಮಿನಲ್ಲಿ. ಮಕಾಬಿಗಳು ಎಂಬ ಯಹೂದಿ ಬಂಡಾಯಗಾರರು ದೇವಾಲಯವನ್ನು ಮರಳಿ ಪಡೆದಾಗ ಒಂದೇ ದಿನಕ್ಕೆ ಸಾಲುವಷ್ಟಿದ್ದ ಎಣ್ಣೆ ಎಂಟು ದಿನ ಉರಿಯಿತು ಎಂಬ ಕತೆ. ಇಸ್ರೇಲಿನ ಡ್ರೇಡಲ್‌ಗಳಲ್ಲಿ ಶಿನ್ ಬದಲು ಪೇ ಇರುತ್ತದೆ. ಅಲ್ಲಿನವರಿಗೆ ಪವಾಡ ನಡೆದದ್ದು 'ಇಲ್ಲಿ' ಅಲ್ವಾ!

ಪಕ್ಕದ ಮನೆಯಲ್ಲಿ ಒಬ್ಬರು ನಿವೃತ್ತ ಟೀಚರ್ ಇದ್ದಾರೆ. ರಜೆಯಲ್ಲಿ ಮಕ್ಕಳು ಸುಮ್ನೆ ಟಿವಿ ಮುಂದೆ ಕೂರಬಾರದೆಂದು ಇವತ್ತು ಬೀದಿಯ ಮಕ್ಕಳನ್ನೆಲ್ಲ ಕರೆದು ಡ್ರೇಡಲ್ ಮಾಡಿಸಿದರು. ನನ್ನ ಮಗಳ ಜೊತೆ ನಾನೂ ಹೋಗಿದ್ದೆ. ಅವರದು ಒಂದೇ ಷರತ್ತು: ಮಾಡಿದ್ದು ತಿರುಗಬೇಕು. ಎಷ್ಟೇ ಮಿನುಗುಪುಡಿ ಅಂಟಿಸಿದರೂ ತಿರುಗದೇ ಹೋದರೆ ಮತ್ತೆ ಕತ್ತರಿ ಹಿಡಿಯಬೇಕು. ಈ ಷರತ್ತು ನನಗೆ ತುಂಬಾ ಹಿಡಿಸಿತು. ಗೋಡೆಗೆ ತೂಗುಹಾಕುವ ಡ್ರೇಡಲ್, ಗಾಜಿನ ಪೆಟ್ಟಿಗೆಯಲ್ಲಿಡುವ ಬೆಳ್ಳಿಯ ಡ್ರೇಡಲ್ ಎಲ್ಲವೂ ಚೆಂದವೇ. ಆದರೆ ಮಗುವಿನ ಕೈಗೆ ಕೊಡುವುದು ಆಡುವ ವಸ್ತುವಾಗಿರಬೇಕು.

ಮೊದಲು ದಪ್ಪ ಕಾಗದದ್ದು ಮಾಡಿದರು. ನಾಲ್ಕು ಚೌಕ ಬರೆದು, ಮಡಚಿ, ಅಂಟಿಸಿ, ನಡುವೆ ಮೊಂಡು ಪೆನ್ಸಿಲ್ ತೂರಿಸುವುದು. ಪೆನ್ಸಿಲ್ ಕೂದಲೆಳೆಯಷ್ಟು ಓರೆಯಾದರೂ ಡ್ರೇಡಲ್ ಓಲಾಡಿ ಬಿದ್ದುಬಿಡುತ್ತದೆ. ಕೆಳಗೆ ಮೊನೆ ಉದ್ದ ಬಿಟ್ಟರೂ ಅಷ್ಟೇ, ಭಾರ ಮೇಲಕ್ಕೆ ಹೋಗಿ ತೂರಾಡುತ್ತದೆ. ಟೀಚರ್ ಒಳಗೆ ತಳದಲ್ಲಿ, ಪೆನ್ಸಿಲ್ ಸುತ್ತ, ಚೂರು ಜೇಡಿಮಣ್ಣು ಮೆತ್ತಿಸಿದರು. ಆಮೇಲೆ ನೋಡಬೇಕಿತ್ತು, ಅದೇ ಕಾಗದದ ಡಬ್ಬಿ ಮೇಜಿನ ಮೇಲೆ ಒಂದೇ ಜಾಗದಲ್ಲಿ ನಿಂತು ಗಿರಗಿರನೆ ತಿರುಗಿತು. ಹಿಂದೆ ಪೂರ್ವ ಯೂರೋಪಿನ ಹುಡುಗರು ಮರದ ಅಚ್ಚು ಕೊರೆದು, ಸೀಸ ಕರಗಿಸಿ ಸುರಿದು ತಾವೇ ಡ್ರೇಡಲ್ ಎರಕ ಹೊಯ್ಯುತ್ತಿದ್ದರಂತೆ. ಸೀಸ ವಿಷ, ಈಗ ಮಕ್ಕಳ ಹತ್ತಿರ ಬಿಡುವ ಹಾಗಿಲ್ಲ. ಆದರೆ ಪುಟ್ಟ ಗಾತ್ರದಲ್ಲಿ ಅಷ್ಟು ಭಾರವಿದ್ದ ಆ ಡ್ರೇಡಲ್‌ಗಳು ಎಷ್ಟು ಚೆನ್ನಾಗಿ ತಿರುಗುತ್ತಿದ್ದಿರಬೇಕು!

ಆಮೇಲೆ ಅಕ್ಷರ ಬರೆಯುವ ಕೆಲಸ. ಹೀಬ್ರೂ ಬಲದಿಂದ ಎಡಕ್ಕೆ ಓಡುವ ಲಿಪಿ. ಹಾಗಾಗಿ ಕಾಗದದ ಪಟ್ಟಿಯ ಬಲತುದಿಯಲ್ಲಿ ನೂನ್ ಬರಬೇಕು. ಹೇ ಅಕ್ಷರದ ಎಡಗಾಲು ಮೇಲಿನ ಗೆರೆಗೆ ತಾಗಬಾರದು, ನಡುವೆ ಸಣ್ಣ ಸಂದು ಬಿಡಬೇಕು. ತಾಗಿತೋ, ಅದು ಖೇತ್ ಎಂಬ ಬೇರೆಯೇ ಅಕ್ಷರ. ನಮ್ಮ ಪ ಮತ್ತು ವ ಇದ್ದ ಹಾಗೆ. ಮಗಳು ಉಸಿರು ಬಿಗಿಹಿಡಿದು ಆ ಸಂದು ಬಿಟ್ಟು ಬರೆದಳು. ಅಂಗಡಿಯ ಸಾಮಾನು ವಿನ್ಯಾಸ ಮಾಡುವವರೂ ಇಷ್ಟೇ ಶ್ರದ್ಧೆ ತೋರಿಸಬೇಕು ಎಂದು ನನ್ನ ಆಸೆ. ಅಕ್ಷರವನ್ನು ಬಳ್ಳಿ ಹೂವಿನ ಹಾಗೆ ಹೇಗೆ ಬೇಕಾದರೂ ತಿರುಗಿಸಿ ಕೂರಿಸಲು ಬರುವುದಿಲ್ಲ. ಅದನ್ನು ಓದುವ ಜನರಿದ್ದಾರೆ.

ತಿನ್ನುವ ಡ್ರೇಡಲ್ ಕೂಡ ಇತ್ತು. ಮಾರ್ಷ್‌ಮ್ಯಾಲೋ ಒಂದು, ಅದರ ಕೆಳಗೆ ಮೊನೆಯಿರುವ ಚಾಕೊಲೇಟ್, ಮೇಲೆ ಚುಚ್ಚಲು ಪ್ರೆಟ್ಜೆಲ್ ಕಡ್ಡಿ. ಇದು ಮಾತ್ರ ತಿರುಗಬೇಕಿಲ್ಲ ಅಂತ ಟೀಚರ್ ವಿನಾಯಿತಿ ಕೊಟ್ಟರು. ಮಾಮೂಲಿ ಮಾರ್ಷ್‌ಮ್ಯಾಲೋದಲ್ಲಿ ಪ್ರಾಣಿಗಳಿಂದ ತೆಗೆದ ಜೆಲಟಿನ್ ಇರುತ್ತದೆ. ಟೀಚರ್‌ಗೆ ಕೋಷರ್, ಅಂದರೆ ಯಹೂದಿ ಆಹಾರ ನಿಯಮಕ್ಕೆ ಒಪ್ಪುವಂಥದ್ದು, ಬೇಕು. ಕೋಷರ್ ಇದ್ದರೂ ಅದು ಮೀನಿನ ಜೆಲಟಿನ್ ಆಗಿರಬಹುದು, ನಮ್ಮಂಥ ಸಸ್ಯಾಹಾರಿಗಳಿಗೆ ಆಗುವುದಿಲ್ಲ. ಅವರು ಇದನ್ನು ಮೊದಲೇ ಯೋಚಿಸಿ, ಜೆಲಟಿನ್ ಇಲ್ಲದ, ಕೋಷರ್ ಮುದ್ರೆಯೂ ಇರುವ ಪೊಟ್ಟಣ ಹುಡುಕಿ ತಂದಿದ್ದರು. ನಾನು ಕೇಳುವ ಮೊದಲೇ ಪೊಟ್ಟಣ ತಿರುಗಿಸಿ ತೋರಿಸಿದರು.

ಗ್ರೀಕ್ ದೊರೆ ಆಂಟಿಯೋಕಸ್ ಯಹೂದಿಗಳು ಧರ್ಮಗ್ರಂಥ ಓದುವುದನ್ನು ನಿಷೇಧಿಸಿದಾಗ ಮಕ್ಕಳು ಕದ್ದು ಓದುತ್ತಿದ್ದರು, ಸೈನಿಕರು ಬಂದರೆ ಬುಗುರಿ ಆಡುವ ನಾಟಕ ಮಾಡುತ್ತಿದ್ದರು ಎಂಬ ಕತೆಯನ್ನು ಇಲ್ಲಿನ ಮಕ್ಕಳೆಲ್ಲ ಕೇಳಿರುತ್ತಾರೆ. ಚೆಂದದ ಕತೆ, ಆದರೆ ತೀರಾ ಈಚಿನದು. ಇತಿಹಾಸಕಾರರು ಹೇಳುವ ಪ್ರಕಾರ ಡ್ರೇಡಲ್ ಯೂರೋಪಿನಲ್ಲಿ ಎಲ್ಲರೂ ಆಡುತ್ತಿದ್ದ ಜೂಜಿನ ಬುಗುರಿ. ಇಂಗ್ಲೆಂಡಿನಲ್ಲಿ ಅದಕ್ಕೆ ಟೀಟೋಟಮ್ ಎನ್ನುತ್ತಿದ್ದರು. ಅಕ್ಷರಗಳೂ ಮೊದಲು ಆಟದ ನಿಯಮಗಳೇ, ಜರ್ಮನ್ ಮತ್ತು ಯಿಡ್ಡಿಶ್ (ಯೂರೋಪಿನ ಯಹೂದಿಗಳ ಭಾಷೆ) ಮಾತುಗಳ ಮೊದಲಕ್ಷರಗಳಾಗಿ ಬಂದವು. ಪವಾಡದ ಮಾತು ಆಮೇಲೆ ಸೇರಿಕೊಂಡದ್ದು. ಇದರಿಂದ ಹಬ್ಬದ ತೂಕವೇನೂ ಕಡಿಮೆಯಾಗುವುದಿಲ್ಲ. ಊರವರೆಲ್ಲ ಆಡುತ್ತಿದ್ದ ಜೂಜಿನ ಸಾಮಾನನ್ನು ಎತ್ತಿಕೊಂಡು, ಅದರಲ್ಲಿ ತಮ್ಮ ನೆನಪನ್ನು ಕೂರಿಸಿ ಮಕ್ಕಳ ಕೈಗೆ ಕೊಟ್ಟ ಆ ಹಿರಿಯರ ಬಗ್ಗೆ ನನಗೆ ಗೌರವ ಜಾಸ್ತಿಯೇ ಆಗುತ್ತದೆ.

1993ರ ಡಿಸೆಂಬರಿನಲ್ಲಿ ಜೆಫ್ರಿ ಹಾಫ್‌ಮನ್ ಎಂಬ ಗಗನಯಾನಿ ಹಬಲ್ ದೂರದರ್ಶಕದ ರಿಪೇರಿಗೆ ಹೋದಾಗ ಎಂಡೆವರ್ ನೌಕೆಯೊಳಗೆ ಡ್ರೇಡಲ್ ತಿರುಗಿಸಿದ್ದರು. ತೂಕವೇ ಇಲ್ಲದ ಜಾಗದಲ್ಲಿ ಅದು ಬೀಳುವುದೇ ಇಲ್ಲ, ಹಾಗಾಗಿ ಅಲ್ಲಿ ಯಾರೂ ಗೆಲ್ಲುವುದಿಲ್ಲ. ಮಗಳಿಗೆ ಇವತ್ತು ಎಲ್ಲಕ್ಕಿಂತ ಇಷ್ಟವಾದ ವಿಷಯ ಇದೇ.

ಸಂಜೆ ಐದು ದೀಪ ಉರಿಯುತ್ತಿರುವಾಗ ಚಾಕೊಲೇಟ್ ನಾಣ್ಯ ಹಂಚಿಕೊಂಡು ನಾಲ್ಕು ಮಕ್ಕಳು ಆಟಕ್ಕೆ ಕೂತರು. ಎಲ್ಲರೂ ಒಂದೊಂದು ನಾಣ್ಯ ನಡುವೆ ಇಡಬೇಕು. ನೂನ್ ಬಿದ್ದರೆ ಏನೂ ಇಲ್ಲ. ಗಿಮೆಲ್ ಬಿದ್ದರೆ ಪೂರ್ತಿ ರಾಶಿ ನಿಮ್ಮದು, ಆಮೇಲೆ ಎಲ್ಲರೂ ಮತ್ತೆ ಒಂದೊಂದು ಇಡಬೇಕು. ಹೇ ಬಿದ್ದರೆ ಅರ್ಧ. ಶಿನ್ ಬಿದ್ದರೆ ನೀವೇ ಒಂದು ಹಾಕಬೇಕು. ಸ್ವಲ್ಪ ಹೊತ್ತಾದ ಮೇಲೆ ಮಗಳು ತಕರಾರು ತೆಗೆದಳು: ಮೊದಲು ತಿರುಗಿಸುವವರಿಗೇ ಲಾಭ ಜಾಸ್ತಿ!

ಅವಳು ಹೇಳಿದ್ದು ನಿಜ. ರಾಬರ್ಟ್ ಫೈನರ್‌ಮನ್ ಎಂಬ ಗಣಿತಜ್ಞರು 1976ರಲ್ಲೇ ಇದನ್ನು ತೋರಿಸಿದ್ದಾರೆ. ಲೆಕ್ಕ ಸುಲಭ, ಮಕ್ಕಳ ಮುಂದೆಯೇ ಬರೆದು ತೋರಿಸಿದೆ. ರಾಶಿಯಲ್ಲಿ ನಾಲ್ಕು ನಾಣ್ಯ ಇದೆ ಅಂದುಕೊಳ್ಳಿ. ಮೊದಲನೆಯವರು ಒಮ್ಮೆ ತಿರುಗಿಸಿದ ನಂತರ ಅದು ನೂನ್ ಬಿದ್ದರೆ 4, ಗಿಮೆಲ್ ಬಿದ್ದರೆ ಹೊಸದಾಗಿ 4, ಹೇ ಬಿದ್ದರೆ 2, ಶಿನ್ ಬಿದ್ದರೆ 5. ಒಟ್ಟು 15, ನಾಲ್ಕರಿಂದ ಭಾಗಿಸಿದರೆ ನಾಲ್ಕಕ್ಕಿಂತ ಕಡಿಮೆ. ಅಂದರೆ ಎರಡನೆಯವರಿಗೆ ಸಿಗುವ ರಾಶಿ ಸರಾಸರಿಯಲ್ಲಿ ಚಿಕ್ಕದು. ಶಿನ್‌ಗೆ ಒಂದರ ಬದಲು ಎರಡು ನಾಣ್ಯ ಹಾಕಿಸಿದರೆ 4, 4, 2, 6. ಸರಿಯಾಗಿ 16. ಎಲ್ಲರಿಗೂ ನ್ಯಾಯ ಸಿಕ್ಕಿತು.

ಆಟ ಎಷ್ಟು ಹೊತ್ತು ನಡೆದೀತು ಎಂಬುದಕ್ಕೂ ಲೆಕ್ಕ ಇದೆ. ಅದನ್ನು ಸಾಧಿಸಿದವರು ಥಾಮಸ್ ರಾಬಿನ್‌ಸನ್ ಮತ್ತು ಸುಜಿತ್ ವಿಜಯ್. ನಾಣ್ಯಗಳ ಸಂಖ್ಯೆ ಏರಿದಂತೆ ಆಟದ ಉದ್ದ ಹೆಚ್ಚೆಂದರೆ ಆ ಸಂಖ್ಯೆಯ ವರ್ಗದ ಲೆಕ್ಕದಲ್ಲಿ ಏರುತ್ತದೆ. ನಾಣ್ಯ ದುಪ್ಪಟ್ಟಾದರೆ ಆಟ ಸುಮಾರು ನಾಲ್ಕು ಪಟ್ಟು ಎಳೆಯಬಹುದು. ಮಲಗುವ ಹೊತ್ತು ಹತ್ತಿರವಿದ್ದರೆ ತಲಾ ಐದಾರು ನಾಣ್ಯಕ್ಕಿಂತ ಜಾಸ್ತಿ ಕೊಡಬೇಡಿ.

ಶಿನ್‌ಗೆ ಎರಡು ನಾಣ್ಯ ಎಂಬ ನಿಯಮಕ್ಕೆ ಟೀಚರ್ ಒಪ್ಪಲಿಲ್ಲ. ತಮ್ಮ ಅಜ್ಜಿಯ ಕಾಲದಿಂದ ಒಂದೇ ಅಂದರು. ಮಕ್ಕಳು ಬಿಡಲಿಲ್ಲ. ಕೊನೆಗೆ ಅವರ ಮನೆಯಲ್ಲಿ ಒಂದು, ನಮ್ಮ ಮನೆಯಲ್ಲಿ ಎರಡು ಎಂದು ರಾಜಿಯಾಯಿತು. ನಾಳೆ ಆರನೇ ದೀಪ ಹಚ್ಚಿಯಾದ ಮೇಲೆ ಆಟ ನಮ್ಮ ಮನೆಯಲ್ಲಿ. ನಾಣ್ಯ ನಾನು ತರಬೇಕು, ಡ್ರೇಡಲ್ ಮಗಳದ್ದು.