ಮೂಗಿನೊಳಗಿನ ಗಾಳಿಗೂಡುಗಳು

ನವೆಂಬರ್ 14, 2024, ಗುರುವಾರ

ಚಳಿ ಶುರುವಾಯಿತು ಅಂದರೆ ನಮ್ಮ ಸ್ಕ್ಯಾನ್ ಸೆಂಟರ್‌ನಲ್ಲಿ ಮೂಗುಗಳದ್ದೇ ಸುಗ್ಗಿ. ಇವತ್ತಿನ ಸಿಟಿ ಪಟ್ಟಿಯಲ್ಲಿ ಅರ್ಧಕ್ಕರ್ಧ ಪಿಎನ್‌ಎಸ್, ಅಂದರೆ ಮೂಗಿನ ಸುತ್ತಲಿನ ಗಾಳಿಗೂಡುಗಳಾದ ಸೈನಸ್‌ಗಳ ಸ್ಕ್ಯಾನ್.

ಮಧ್ಯಾಹ್ನ ಒಬ್ಬ ಹುಡುಗ ರಿಪೋರ್ಟ್ ಹಿಡಿದು ವಾಪಸ್ ಬಂದ. ಜೊತೆಗೆ ಅವನಮ್ಮ. "ಡಾಕ್ಟ್ರೇ, ಕಾಂಕಾ ಬುಲ್ಲೋಸಾ ಅಂತ ಬರೆದಿದೀರಲ್ಲ, ಗೆಡ್ಡೆ ಏನಾದ್ರೂ ಇದೆಯಾ?"

ಒಳಗೆ ಕರೆದು ಪರದೆ ತೋರಿಸಿದೆ. ಗಾಳಿ ಕಪ್ಪು, ಮೂಳೆ ಬಿಳಿ, ಒಳಪೊರೆ ಬೂದು. ಮೂಗಿನ ಪಕ್ಕದ ಗೋಡೆಯಿಂದ ಸುರುಳಿಯಾಗಿ ಇಳಿಬಿದ್ದಿರುವುದು ಟರ್ಬಿನೇಟ್. ನಡುವಿನ ಟರ್ಬಿನೇಟ್ ಒಳಗೆ ಗಾಳಿಗೂಡು ಇದ್ದರೆ ಅದೇ ಕಾಂಕಾ ಬುಲ್ಲೋಸಾ. ಇವನ ಎಡಗಡೆಯದು ಪೂರಿ ಹಾಗೆ ಉಬ್ಬಿತ್ತು. ಮೂಗಿನ ನಡುಗೋಡೆ ಬಲಕ್ಕೆ ವಾಲಿತ್ತು.

"ಮೂಳೆ ಬೆಳೆಯುವಾಗಲೇ ಹೀಗಾಗಿರುತ್ತೆ ಅಮ್ಮ, ಗೆಡ್ಡೆ ಅಲ್ಲ."

"ಮೂಗಲ್ಲಿ ಮೂಳೆ ಬೆಳೆದಿದೆ, ತೆಗೆಸಬೇಕು ಅಂದ್ರಲ್ಲ ಪಕ್ಕದ ಮನೆಯವರು?"

ಬೆಳೆದಿಲ್ಲ, ಸೊಟ್ಟಗಿದೆ ಅಷ್ಟೇ. ಪೂರ್ತಿ ನೆಟ್ಟಗಿರುವ ನಡುಗೋಡೆ ನೋಡಸಿಗುವುದೇ ಕಷ್ಟ. ಅವನ ಸೈನಸ್‌ಗಳೆಲ್ಲ ಕಪ್ಪಗೆ, ಚೊಕ್ಕವಾಗಿದ್ದವು. ಉಳಿದದ್ದನ್ನು ಇಎನ್‌ಟಿಯವರ ಹತ್ತಿರ ಕೇಳಿ ಅಂದೆ. ಬಲಗಡೆ ಹಣೆಯ ಸೈನಸ್ ಬೆಳೆದೇ ಇರಲಿಲ್ಲ, ಅದೂ ತೊಂದರೆಯಲ್ಲ. ಹಣೆಯ ಸೈನಸ್ ಒಬ್ಬರದಿದ್ದಂತೆ ಇನ್ನೊಬ್ಬರದು ಇರಲ್ಲ. ಗುರುತು ಸಿಗದ ಶವದ ಎಕ್ಸ್‌ರೇಯನ್ನು ಹಳೆಯ ಎಕ್ಸ್‌ರೇ ಜೊತೆ ಹೋಲಿಸಿ ಪತ್ತೆ ಹಚ್ಚುವುದೂ ಉಂಟು. ಇದನ್ನು ಅಮ್ಮನಿಗೆ ಹೇಳಲಿಲ್ಲ ಅನ್ನಿ!

ರಿಪೋರ್ಟಲ್ಲಿ ಜನ ಹೆದರುವ ಸಾಲುಗಳೇ ಬೇರೆ, ನಾನು ಹೆದರುವ ಸಾಲುಗಳೇ ಬೇರೆ. ಸಂಜೆ ಬಂದ ಕೇಸ್ ಎರಡನೇ ಥರದ್ದು. ಮೂಗಿನ ತುಂಬ ದುರ್ಮಾಂಸ, ಮುಂದಿನ ವಾರ ಎಂಡೋಸ್ಕೋಪಿ ಆಪರೇಷನ್. ಸೈನಸ್‌ಗಳೆಲ್ಲ ಬೂದು. ಚಿತ್ರಗಳನ್ನು ಹಿಂದಕ್ಕೆ ಸರಿಸುತ್ತ, ಮೂಗಿನ ತೀರಾ ಹಿಂದಿರುವ ಸ್ಫೀನಾಯ್ಡ್ ಸೈನಸ್ ತನಕ ಹೋದರೆ, ಬಲಗಡೆ ಅದರೊಳಗೆ ಒಂದು ಅಡ್ಡಗೋಡೆ. ಅಲ್ಲೇ ಕೈ ನಿಂತಿತು. ಅಡ್ಡಗೋಡೆಯ ಮೇಲಿನದು ಸ್ಫೀನಾಯ್ಡ್ ಅಲ್ಲ, ಅದರ ತಲೆ ಮೇಲೆ ಹತ್ತಿ ಕೂತ, ಎರಡು ಕಣ್ಣುಗಳ ನಡುವಿನ ಎಥ್ಮಾಯ್ಡ್ ಸೈನಸ್‌ನ ಗೂಡು. ಬುಡಾಪೆಸ್ಟಿನ ಡಾಕ್ಟರ್ ಅಡಾಲ್ಫ್ ಒನೋಡಿ ಹೆಸರಲ್ಲಿ ಇದನ್ನು ಒನೋಡಿ ಸೆಲ್ ಅಂತೀವಿ. ಕಣ್ಣಿನ ನರ ಇದರ ಗೋಡೆಗೇ ಒತ್ತಿಕೊಂಡು ಹೋಗುತ್ತದೆ. ಇವರಲ್ಲಂತೂ ನರ ಗೂಡಿನೊಳಕ್ಕೆ ಉಬ್ಬಿತ್ತು, ಮೇಲೆ ಮೂಳೆಯ ಬಿಳಿ ಗೆರೆಯೇ ಇಲ್ಲ. ಸ್ಫೀನಾಯ್ಡ್ ಅಂದುಕೊಂಡು ಅಲ್ಲಿ ಉಪಕರಣ ಆಡಿಸಿದರೆ ದೃಷ್ಟಿಗೇ ಸಂಚಕಾರ.

ಆಮೇಲೆ ಮೂಗಿನ ಚಾವಣಿ ಅಳೆದೆ. ಮಿದುಳಿನ ವಾಸನೆಯ ಭಾಗ ಕೂರುವ ತಗ್ಗನ್ನು 1962ರಲ್ಲಿ ಕೇರೋಸ್ ಎಂಬ ವೈದ್ಯ ಆಳದ ಮೇಲೆ ಮೂರು ಬಗೆ ಮಾಡಿದ: 1ರಿಂದ 3 ಮಿಲಿಮೀಟರ್, 4ರಿಂದ 7, 8ರಿಂದ 16. ತಗ್ಗು ಆಳವಾದಷ್ಟೂ ಅದರ ಪಕ್ಕದ ತೆಳು ಮೂಳೆ ಜಾಸ್ತಿ ಬಯಲಾಗಿರುತ್ತೆ. ಅದು ಒಡೆದರೆ ಮಿದುಳಿನ ನೀರು ಮೂಗಿಂದ ಸೋರುತ್ತೆ. ಇವರಿಗೆ ಎಡಕ್ಕೆ 5, ಬಲಕ್ಕೆ 8. ಎಲ್ಲಾ ಬಲಗಡೆಯೇ ಬರಬೇಕಾ!

ಸರ್ಜನ್‌ಗೆ ಫೋನ್ ಮಾಡಿದೆ.

"ಒನೋಡಿ ಇದೆ ಸರ್, ಬಲಕ್ಕೆ. ನರದ ಮೇಲೆ ಮೂಳೆ ಕಾಣ್ತಿಲ್ಲ."

"ಚಾವಣಿ?"

"ಬಲಗಡೆ ಕೇರೋಸ್ ಮೂರು."

ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, "ಪಕ್ಕದಿಂದ ತೆಗೆದ ಚಿತ್ರಗಳನ್ನೂ ಸಿಡಿಗೆ ಹಾಕಿಸಿ, ಥಿಯೇಟರ್‌ನಲ್ಲಿ ಎದುರಿಗೇ ಇಟ್ಕೊಳ್ತೀನಿ" ಅಂದರು.

ನಮ್ಮ ರಿಪೋರ್ಟ್ ಟೆಂಪ್ಲೇಟ್‌ನಲ್ಲಿ ಸೊಟ್ಟ ನಡುಗೋಡೆ ಮೊದಲ ಸಾಲು, ಒನೋಡಿ ಕೊನೆಯದು. ಯಾರು ಮಾಡಿಟ್ಟರೋ! ಇವರ ರಿಪೋರ್ಟಲ್ಲಿ ಒನೋಡಿ, ಕೇರೋಸ್ ಎರಡನ್ನೂ ಮೇಲಕ್ಕೆ ತಂದು ದಪ್ಪ ಅಕ್ಷರ ಮಾಡಿ ಕಳಿಸಿದೆ. ಟೆಂಪ್ಲೇಟನ್ನು ನಾಳೆ ತಿದ್ದಬೇಕು.